ಮಾಡು ಹತ್ತಬೇಡ, ಒಳಗಿಂದ ನೋಡು

ಶಿರಸಿ

ಚಿರಂಜೀವಿ ಅಪ್ಪಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪತ್ರ ಕೈಸೇರಿತು. ಉಳಿದ ಸುದ್ದಿಯನ್ನೆಲ್ಲ ನಿನ್ನ ಆಯಿ ಫೋನಿನಲ್ಲೇ ಹೇಳಿದ್ದಳು. ಆದರೆ ಕಡೆಯಲ್ಲಿ ಬರೆದಿದ್ದೀಯಲ್ಲ, ‘ಕುಮಟೆಯಲ್ಲಿ ಆಳು ಸಿಗುತ್ತಿಲ್ಲ, ಭಾನುವಾರ ನಾನೇ ಮನೆಯ ಮಾಡು ಹತ್ತಿ ಹಂಚು ಸರಿಮಾಡಿಬಿಡುತ್ತೇನೆ’ ಅಂತ, ಅದನ್ನು ಓದಿದಾಗಿನಿಂದ ಸಮಾಧಾನವಿಲ್ಲ. ಹತ್ತಬೇಡ ಮಾರಾಯ.

ಮಂಗಳೂರು ಹಂಚು ಕೂತಿರುವ ರೀತಿ ಹೇಳುತ್ತೇನೆ, ನಿನಗೇ ಗೊತ್ತಾಗುತ್ತದೆ. ಅದರ ತಲೆಯ ಹಿಂಬದಿಯ ಉಬ್ಬು ರೀಪಿಗೆ, ಅಂದರೆ ಮಾಡಿನ ಅಡ್ಡಪಟ್ಟಿಗೆ, ಸಿಕ್ಕಿಕೊಂಡಿರುತ್ತದೆ. ಬುಡ ಕೆಳಸಾಲಿನ ಹಂಚಿನ ತಲೆಯ ಮೇಲೆ ಒರಗಿರುತ್ತದೆ. ನಡುವೆ ಸುಮಾರು ಒಂದಡಿ ಯಾವ ಆಧಾರವೂ ಇಲ್ಲ. ಗೊತ್ತಿಲ್ಲದವರ ಕಾಲು ಬೀಳುವುದು ಸರಿಯಾಗಿ ಅಲ್ಲೇ. ಹಂಚು ಒಡೆದರೆ ಕಾಲು ಒಳಕ್ಕೆ ಇಳಿಯುತ್ತದೆ, ಮೈಭಾರವೆಲ್ಲ ರೀಪಿನ ಮೇಲೆ ಬೀಳುತ್ತದೆ, ಒರಲೆ ತಿಂದ ರೀಪಾದರೆ ಅದೂ ಮುರಿಯುತ್ತದೆ. ಕಸುಬಿನವರು ರೀಪಿನ ಗೆರೆಯಲ್ಲಿ, ಅದನ್ನು ಹೊತ್ತ ಇಳಿಜಾರಿನ ಮರ, ಅಂದರೆ ಪಕಾಸು, ಇರುವ ಕಡೆಯೇ ಪಾದ ಇಡುತ್ತಾರೆ. ಮೇಲಿನಿಂದ ನೋಡಿದರೆ ಪಕಾಸು ಕಾಣುವುದಿಲ್ಲ, ಅವರಿಗೆ ಅದು ಅಂದಾಜಿನಲ್ಲಿರುತ್ತದೆ. ಇನ್ನು ಹಾವಸೆ. ಬೇಸಿಗೆಯಲ್ಲಿ ಬರೀ ಕರಿ ಕಲೆಯ ಹಾಗೆ ಕಾಣುತ್ತದೆ, ಭರಣಿಯ ಒಂದು ಮಳೆ ಬಿದ್ದರೂ ಸಾಕು, ಸೋಪು ಸವರಿದ ಹಾಗಾಗುತ್ತದೆ. ಗಾಜಿನ ಹಂಚಿನ ಮೇಲಂತೂ ಯಾರೂ ಕಾಲಿಡಬಾರದು.

ನೀನು ಮಾಡಬೇಕಾದ್ದು ಬಹಳಷ್ಟು ಒಳಗಿಂದಲೇ ಆಗುತ್ತದೆ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಕಿಟಕಿ ಬಾಗಿಲು ಹಾಕಿ ಅಟ್ಟ ಹತ್ತು. ಬೆಳಕು ಚುಕ್ಕೆಯಾಗಿ ತೂರುವಲ್ಲೆಲ್ಲ ಪಕಾಸಿನ ಮೇಲೆ ಸೀಮೆಸುಣ್ಣದ ಗುರುತು ಹಾಕು. ನೆಲಕ್ಕೆ ಹನಿ ಬೀಳುವ ಜಾಗದ ನೇರಕ್ಕೇ ಹಂಚು ಒಡೆದಿದೆ ಎಂದುಕೊಳ್ಳಬೇಡ. ನೀರು ಪಕಾಸು ಹಿಡಿದು ಎಷ್ಟೋ ದೂರ ಇಳಿದು ಆಮೇಲೆ ತೊಟ್ಟಿಕ್ಕುತ್ತದೆ. ಮರದ ಮೇಲಿನ ಕಲೆಯನ್ನು ಮೇಲ್ಮುಖವಾಗಿ ಹುಡುಕುತ್ತ ಹೋದರೆ ಮೂಲ ಸಿಗುತ್ತದೆ.

ಬಿಡಿ ಹಂಚನ್ನೂ ಒಳಗಿಂದಲೇ ಬದಲಿಸಬಹುದು. ಮೇಲಿನ ಸಾಲಿನ ಹಂಚನ್ನು ಅಂಗೈಯಲ್ಲಿ ಎರಡಿಂಚು ಎತ್ತಿ ಹಿಡಿ. ಒಡೆದದ್ದನ್ನು ತುಸು ಮೇಲಕ್ಕೆತ್ತಿದರೆ ಅದರ ಉಬ್ಬು ರೀಪಿನಿಂದ ಬಿಡುತ್ತದೆ, ಓರೆ ಮಾಡಿ ಒಳಗೆ ತೆಗೆದುಕೋ. ಹೊಸದನ್ನು ಹಾಗೆಯೇ ತೂರಿಸಿ, ಅಂಚು ಪಕ್ಕದ ಹಂಚಿನ ತೋಡಿನಲ್ಲಿ ಕೂತಿತೇ ನೋಡು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸಾಮಾನ್ಯವಾಗಿ ಕೂಡುವುದಿಲ್ಲ, ಎಳೆಯಷ್ಟು ಸಂದಿ ಉಳಿದರೂ ಗಾಳಿಮಳೆ ನುಗ್ಗುತ್ತದೆ. ಹಾಗಾಗಿ ತರಲು ಹೋಗುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದೇ ಹೋಗು. ನೂರು ಚದರಡಿಗೆ ಸುಮಾರು ನೂರೈವತ್ತು ಹಂಚು ಬೇಕು. ನಿಮ್ಮ ಮನೆಗೆ ಐವತ್ತು ಹೆಚ್ಚಿಗೆ ಇಟ್ಟುಕೊಂಡರೆ ಮಂಗ ಕುಣಿದು ಹೋದ ದಿನ ಪರದಾಡಬೇಕಿಲ್ಲ.

ಅಟ್ಟದಲ್ಲಿರುವಾಗಲೇ ಸ್ಕ್ರೂಡ್ರೈವರಿನಿಂದ ರೀಪುಗಳನ್ನು ಚುಚ್ಚಿ ನೋಡು. ಸಲೀಸಾಗಿ ಒಳಹೋದರೆ ಅದನ್ನು ಬದಲಿಸಲೇಬೇಕು. ಹೊಸ ರೀಪಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹಚ್ಚಿಸು, ಒರಲೆ ಹತ್ತಿರ ಬರುವುದಿಲ್ಲ. ಅದು ಚರ್ಮ ಸುಡುತ್ತದೆ, ಕೈಗವಸು ಹಾಕದೆ ಮುಟ್ಟಬೇಡ.

ನೋಡು, ಹತ್ತಬೇಡ ಎನ್ನಲು ಕೂತವನು ಕೆಲಸ ಹೇಳುತ್ತ ಹೋಗುತ್ತಿದ್ದೇನೆ. ಸೋಗೆ ಮಾಡಿನ ಕಾಲದಲ್ಲಿ ಇದೆಲ್ಲ ಒಬ್ಬರ ತಲೆನೋವಾಗಿರಲಿಲ್ಲ. ಮುಯ್ಯಾಳಿನಲ್ಲಿ, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬದಲಿಗೆ ಬದಲಿ ದುಡಿಯುವ ಲೆಕ್ಕದಲ್ಲಿ, ಊರವರೇ ಬಂದು ಹೊದಿಸುತ್ತಿದ್ದರು, ಮೇಲೆ ಇಬ್ಬರಿದ್ದರೆ ಕೆಳಗೆ ನಾಲ್ವರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರುಮಾಡಿದ ಹಂಚು ನಮ್ಮ ಕಡೆಗೂ ಬಂದು ವರ್ಷವರ್ಷ ಹೊದಿಸುವ ಕಷ್ಟ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಮುಯ್ಯಾಳೂ ಅದರ ಜೊತೆಗೇ ಹೋಯಿತು ಎಂಬ ಕೊರಗು ನನಗಿದೆ. ಇಲ್ಲದಿದ್ದರೆ ನೀನು ಒಬ್ಬನೇ ಏಣಿ ಇಡುವ ಮಾತೆತ್ತುತ್ತಿರಲಿಲ್ಲ.

ಹೊರಗಿನ ಕೆಲಸ ಆಳಿನದು. ನೀನು ಅಂಗಳದಲ್ಲಿ ನಿಂತು ಹೇಳಿ ಮಾಡಿಸು. ಎರಡು ಮಾಡು ಕೂಡುವ ಒಳಮೂಲೆಯಲ್ಲಿ ಮೊದಲು ದರಕು, ಅಂದರೆ ಒಣ ಎಲೆ, ತೆಗೆಸು. ಎಷ್ಟೋ ಮನೆಗಳು ಸೋರುವುದು ಅಲ್ಲೇ. ಎಲೆ ಕಟ್ಟಿಕೊಂಡರೆ ನೀರು ಹಿಮ್ಮೆಟ್ಟಿ ಹಂಚಿನಡಿ ನುಗ್ಗುತ್ತದೆ. ಅಲ್ಲಿಯ ತಗಡು ಸಮುದ್ರದ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ತೂತು ಬಿದ್ದಿದ್ದರೆ ಟಾರು ಮೆತ್ತಿ ವರ್ಷ ದೂಡುವುದಕ್ಕಿಂತ ಬದಲಿಸುವುದೇ ಮೇಲು. ಹಾವಸೆಯನ್ನು ಒಣಗಿದ್ದಾಗ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಪ್ರೆಷರ್ ಪಂಪು ಬೇಡ, ಹಂಚಿನ ಮೇಲ್ಮೈ ಕಿತ್ತುಹೋಗಿ ಮತ್ತಷ್ಟು ನೀರು ಹೀರುತ್ತದೆ.

ಮಾಡಿನ ನೆತ್ತಿಯ ಹಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಅದರ ಮೇಲೇ ಸಿಮೆಂಟು ಸವರಿಸಬೇಡ, ಹಳೆಯದನ್ನು ಪೂರ್ತಿ ಕೆತ್ತಿಸು. ಕೂರಿಸುವ ಮೊದಲು ಹಂಚನ್ನು ನೀರಿನಲ್ಲಿ ನೆನೆಹಾಕಲೇಬೇಕು. ಒಣ ಹಂಚು ಗಾರೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಗಾರೆ ಕಚ್ಚದೆ ಮೊದಲ ಮಳೆಗೇ ಬಿಟ್ಟುಬರುತ್ತದೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ಮೇಲೆ ಒದ್ದೆ ಗೋಣಿ, ಏಳು ದಿನ ನೀರು. ರೋಹಿಣಿ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಮಳೆ ಹಿಡಿಯುತ್ತದೆ, ಆದ್ದರಿಂದ ಗಾರೆ ಕೆಲಸ ಮೇ ನಡುವಿಗೆ ಮುಗಿದಿರಲಿ.

ಆಳು ಬಂದರೂ ಒಂದು ಮಾತು. ಸೂರಿನ ಹತ್ತಿರ ಬರುವ ಸರ್ವಿಸ್ ವೈರಿನ ಬಳಿ ಅಲ್ಯೂಮಿನಿಯಂ ಏಣಿ ಇಡಲು ಬಿಡಬೇಡ. ಹೆಸ್ಕಾಂ ಲೈನ್‌ಮನ್‌ಗೆ ಹೇಳಿ ಅಷ್ಟು ಹೊತ್ತು ಕರೆಂಟು ತೆಗೆಸು. ನೆತ್ತಿಗೆ ಕೊಕ್ಕೆ ಹಾಕಿದ ಮರದ ಏಣಿಯನ್ನು ಹಂಚಿನ ಮೇಲೆ ಮಲಗಿಸಿ, ಅದರ ಮೇಲೇ ಓಡಾಡಲಿ, ಸೊಂಟಕ್ಕೆ ಹಗ್ಗವಿರಲಿ. ಅವರೂ ಯಾರದೋ ಮನೆಯ ಮಕ್ಕಳೇ.

ಇಷ್ಟು ಬರೆದ ಮೇಲೂ ಭಾನುವಾರದ್ದೇ ಚಿಂತೆ. ಆ ದಿನ ಅಟ್ಟ ನೋಡಿ, ಎಷ್ಟು ಹಂಚು, ಎಷ್ಟು ಉದ್ದದ ರೀಪು ಬೇಕು ಎಂದು ಪಟ್ಟಿ ಮಾಡಿ ನನಗೆ ಫೋನು ಮಾಡು. ಅಲ್ಲಿ ಯಾರೂ ಸಿಗದಿದ್ದರೆ ಬರುವ ವಾರ ಇಲ್ಲಿಂದಲೇ ಇಬ್ಬರನ್ನು ಘಟ್ಟ ಇಳಿಸುತ್ತೇನೆ, ಅವರ ಸಂಬಳ ನಾನು ನೋಡಿಕೊಳ್ಳುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ