ಸಂಜೆ ನಗುತ್ತಾ ಮನೆಗೆ ಹೋದ ಹುಡುಗ

ಪುಟ್ಟಿ,

ಮಕ್ಕಳ ಆಪರೇಷನ್ ಥಿಯೇಟರ್‌ಗೆ ಡ್ಯೂಟಿ ಹಾಕಿದ್ದಾರೆ, ಬ್ಲಾಕ್ (ನರದ ಹತ್ತಿರ ಚುಚ್ಚಿ ಆ ಭಾಗ ಮರಗಟ್ಟಿಸೋ ಇಂಜೆಕ್ಷನ್) ಕೊಡುವಾಗ ಕೈ ನಡುಗುತ್ತೆ ಅಂತ ಬರೆದಿದ್ದೀಯ. ನಡುಗಲಿ ಬಿಡು, ನಡುಗದ ಕೈ ಕಂಡರೇ ನನಗೆ ಭಯ. ದೊಡ್ಡವರಿಗೆ ಎಚ್ಚರ ಇರುವಾಗಲೇ ಚುಚ್ಚುತ್ತೇವೆ, ಮಗುವಿಗೆ ನಿದ್ದೆ ಬರಿಸಿ ಚುಚ್ಚೋದು ಸರೀನಾ ಅಂತ ಕೇಳಿದ್ದೀಯಲ್ಲ, ಸರಿ. 2018ರಲ್ಲಿ ಅಮೆರಿಕದ ಆಸ್ಪತ್ರೆಗಳಿಂದ ಒಂದು ಲಕ್ಷಕ್ಕೂ ಜಾಸ್ತಿ ಮಕ್ಕಳ ಬ್ಲಾಕ್‌ಗಳ ಲೆಕ್ಕ ಬಂತು. ಬಹುಪಾಲು ನಿದ್ದೆಯಲ್ಲೇ ಕೊಟ್ಟಿದ್ದು. ಒಂದರಲ್ಲೂ ನರಕ್ಕೆ ಶಾಶ್ವತ ಪೆಟ್ಟಾಗಿರಲಿಲ್ಲ.

ಡೋಸ್ ಮಾತ್ರ ಬಾಯಿಬಿಟ್ಟು ಹೇಳು. ಮರಗಟ್ಟಿಸೋ ಔಷಧಿ ಬುಪಿವಕೇನ್ 0.25% ಅಂದರೆ ಒಂದು ಮಿ.ಲೀ.ಗೆ 2.5 ಮಿಗ್ರಾಂ, ಕೆಜಿಗೆ 2.5 ಮಿಗ್ರಾಂ ದಾಟಬಾರದು, ಹಾಗಾಗಿ 12 ಕೆಜಿ ಮಗುವಿಗೆ 12 ಮಿ.ಲೀ.ಗೆ ಮುಗೀತು. ಹೊಲಿಗೆ ಹಾಕುವಾಗ ಸರ್ಜನ್ ಗಾಯದ ಸುತ್ತ ತಾವೂ ಸ್ವಲ್ಪ ಹಾಕ್ತೀನಿ ಅಂತ ಸಿರಿಂಜ್ ಕೇಳ್ತಾರೆ ನೋಡು, ಅದೂ ಇದೇ ಲೆಕ್ಕಕ್ಕೆ ಸೇರಬೇಕು. ಎಷ್ಟೋ ಸಲ ಅದನ್ನು ಯಾರೂ ಕೂಡಿಸಿರೋದೇ ಇಲ್ಲ.

ಒಂದ್ಸಲ ಮೂರು ವರ್ಷದ ಹುಡುಗನಿಗೆ ಹರ್ನಿಯಾ ಆಪರೇಷನ್. ಮಧ್ಯಾಹ್ನ ಮೂರಕ್ಕೆ ಕಾಡಲ್ (ಸೊಂಟದಿಂದ ಕೆಳಗೆ ಮರಗಟ್ಟಿಸೋಕೆ ಬೆನ್ನಿನ ಬುಡದಲ್ಲಿ ಕೊಡೋ ಬ್ಲಾಕ್) ಕೊಟ್ಟೆ, ಚೆನ್ನಾಗಿ ಹಿಡೀತು, ಸಂಜೆ ನಗುತ್ತಾ ಮನೆಗೆ ಹೋದ. "ನೋವಾದ್ರೆ ಈ ಸಿರಪ್ ಕೊಡಿ" ಅಂತ ಅವರಮ್ಮನಿಗೆ ಹೇಳಿ ನಾನೂ ಬೀಗುತ್ತಲೇ ಹೊರಟೆ. ರಾತ್ರಿ ಒಂಬತ್ತೂವರೆಗೆ ಫೋನ್. ಅವರ ಮಾತೇ ಕೇಳಿಸದಷ್ಟು ಅವನ ಕಿರುಚಾಟ. ಆ ತಾಯಿ ನಾನು ಹೇಳಿದಂತೆಯೇ ಮಾಡಿದ್ದರು, ನೋವು ಬರೋವರೆಗೆ ಕಾದಿದ್ದರು. "ನೋವಾದ್ರೆ" ಅಂದವಳು ನಾನು.

ಕಾಡಲ್ ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತೆ. ಅದು ಇಳಿಯೋಕೆ ಮುಂಚೆ ಪ್ಯಾರಾಸಿಟಮಾಲ್ ಹೊಟ್ಟೆ ಸೇರಿರಬೇಕು, ಮಗು ನಗ್ತಿದ್ರೂ ಸರಿ, ನಿದ್ದೆ ಮಾಡ್ತಿದ್ರೆ ಎಬ್ಬಿಸಿಯಾದ್ರೂ ಸರಿ. ಕೆಜಿಗೆ 15 ಮಿಗ್ರಾಂ, ಆರು ಗಂಟೆಗೊಮ್ಮೆ, ಥಿಯೇಟರ್‌ನಲ್ಲೇ ಒಂದು ಡೋಸ್ ಡ್ರಿಪ್‌ನಲ್ಲಿ ಕೊಟ್ಟಿದ್ದರೆ ಅಲ್ಲಿಂದಲೇ ಗಂಟೆ ಎಣಿಸು. ಚೀಟಿಯಲ್ಲಿ "ರಾತ್ರಿ 7, ಬೆಳಗಿನ ಜಾವ 1" ಅಂತ ಗಡಿಯಾರದ ಹೊತ್ತನ್ನೇ ಬರೆ. ಬಾಟಲಿಯನ್ನೂ ನೋಡು: 5 ಮಿ.ಲೀ.ಗೆ 120 ಮಿಗ್ರಾಂ ಇರೋದೂ ಸಿಗುತ್ತೆ, 250 ಇರೋದೂ ಸಿಗುತ್ತೆ. "ಒಂದು ಚಮಚ" ಅಂತ ಹೇಳಿ ಕಳಿಸಿದರೆ ಒಬ್ಬರ ಮಗುವಿಗೆ ಬೀಳೋದರ ಎರಡರಷ್ಟು ಇನ್ನೊಬ್ಬರದಕ್ಕೆ ಬೀಳುತ್ತೆ. ಸಿರಿಂಜ್‌ನಲ್ಲಿ ಎಳೆದು ತೋರಿಸು, ಅವರ ಕೈಲೂ ಎಳೆಸು.

ಕಾಲಿನ ವಿಷಯ ಮರೀಬೇಡ. ಒಬ್ಬಳು ಪುಟಾಣಿ ಎಚ್ಚರವಾದವಳೇ ತೊಡೆ ಚಿವುಟಿಕೊಂಡು "ಇದು ನನ್ನ ಕಾಲಲ್ಲ" ಅಂತ ಅತ್ತಳು. ನಾವೆಲ್ಲ ನೋವು ಅಂದ್ಕೊಂಡು ಇನ್ನೊಂದು ಇಂಜೆಕ್ಷನ್‌ಗೆ ಹೊರಟಿದ್ವಿ! ನಿದ್ದೆ ಬರಿಸೋಕೆ ಮೊದಲೇ ಹೇಳಿಬಿಡು, ನೀನು ಎದ್ದರೂ ನಿನ್ನ ಕಾಲು ಇನ್ನೂ ಸ್ವಲ್ಪ ಹೊತ್ತು ಮಲಗಿರುತ್ತೆ ಅಂತ. ಜೋಮು ಬಿಡೋವರೆಗೆ ಒಬ್ಬರೇ ಇಳಿಯೋಕೆ ಬಿಡಬೇಡಿ ಅಂತ ಅಪ್ಪ ಅಮ್ಮನಿಗೂ ಹೇಳು.

ಮೊದಲ ಕೆಲವು ದಿನ ರಾತ್ರಿ ನೀನೇ ಅವರಿಗೆ ಫೋನ್ ಮಾಡು. ಹೇಗಿದ್ದಾನೆ ಅಂದರೆ ಎಲ್ಲರೂ ಚೆನ್ನಾಗಿದ್ದಾನೆ ಅಂತಲೇ ಹೇಳೋದು. ಏಳಕ್ಕೆ ಸಿರಪ್ ಕೊಟ್ರಾ ಅಂತ ಕೇಳು.

ನಿನ್ನ ದೊಡ್ಡಮ್ಮ