ಒಂದೇ ಪಟ್ಟಿ ಮೂರಕ್ಕೂ ಹೊಂದುವುದಿಲ್ಲ

ಪ್ರೀತಿಯ ಪುಟ್ಟೀ,

ನಿನ್ನ ಪ್ರಬಂಧ ಎರಡು ಸಲ ಓದಿದೆ. ಚೆನ್ನಾಗಿ ಶ್ರಮ ಹಾಕಿದ್ದೀಯ. ಆದರೆ ಯೆಹೂದಿ, ಕ್ರೈಸ್ತ, ಇಸ್ಲಾಂ ಮೂರಕ್ಕೂ ಒಂದೇ ಪಟ್ಟಿ ಹಾಕಿದ್ದೀಯಲ್ಲ, ಸ್ಥಾಪಕ ಯಾರು, ಯಾವ ವರ್ಷ, ಯಾವ ಗ್ರಂಥ ಅಂತ, ಅದನ್ನು ದಯವಿಟ್ಟು ಬಿಡು.

ಇಸ್ಲಾಮಿಗೆ ಆ ಪಟ್ಟಿ ಬಹುಮಟ್ಟಿಗೆ ಸರಿಹೋಗುತ್ತದೆ. ಸುಮಾರು 610ರಲ್ಲಿ ಮುಹಮ್ಮದರಿಗೆ ಮೆಕ್ಕಾ ಹತ್ತಿರದ ಹಿರಾ ಗುಹೆಯಲ್ಲಿ ದೇವರ ಮೊದಲ ವಾಣಿ, 622ರಲ್ಲಿ ಮದೀನಾಕ್ಕೆ ವಲಸೆ, 632ರಲ್ಲಿ ನಿಧನ. ಆದರೂ ‘ಹೊಸ ಧರ್ಮ ಸ್ಥಾಪಿಸಿದರು’ ಎಂದು ಬರೆದರೆ ಮುಸ್ಲಿಮರು ಒಪ್ಪುವುದಿಲ್ಲ. ಅವರ ಪ್ರಕಾರ ಅದು ಇಬ್ರಾಹಿಮರ, ಅಂದರೆ ಬೈಬಲಿನ ಅಬ್ರಹಾಮನ, ದಾರಿಯೇ. ಮೊದಮೊದಲು ನಮಾಜಿಗೆ ಜೆರುಸಲೇಮಿನ ಕಡೆಗೇ ಮುಖ ಮಾಡುತ್ತಿದ್ದರು, ಮದೀನಾದಲ್ಲಿದ್ದಾಗ ಅದು ಮೆಕ್ಕಾದ ಕಾಬಾದ ಕಡೆಗೆ ತಿರುಗಿತು.

ಯೆಹೂದಿ ಧರ್ಮಕ್ಕೆ ಹುಟ್ಟಿದ ದಿನವೇ ಇಲ್ಲ. ಅಬ್ರಹಾಮನಿಂದ ಶುರು ಎನ್ನುವುದು ನಂಬಿಕೆಯ ಮಾತು. ಅದನ್ನು ನಂಬಿಕೆ ಅಂತಲೇ ಗೌರವದಿಂದ ಬರೆ. ಇತಿಹಾಸಕ್ಕೆ ಸಿಗುವುದು ಬೇರೆ. ಈಜಿಪ್ಟಿನ ಫೇರೋ ಮೆರ್ನೆಪ್ತಾನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಪೂ. 1208ರಲ್ಲಿ, ಇಸ್ರೇಲ್ ಎಂಬ ಹೆಸರು ಕಾಣಿಸುತ್ತದೆ. ಸುಮಾರು ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಜೆರುಸಲೇಮಿನ ದೇವಾಲಯ ಸುಟ್ಟು ಜನರನ್ನು ಸೆರೆ ಒಯ್ದರು. ಗುಡಿಯೂ ಇಲ್ಲ, ರಾಜನೂ ಇಲ್ಲ, ಆದರೂ ದೇವರು ಉಳಿದ. ನನಗೆ ಇದಕ್ಕಿಂತ ದೊಡ್ಡ ತಿರುವು ಆ ಚರಿತ್ರೆಯಲ್ಲಿ ಕಾಣುವುದಿಲ್ಲ.

‘ತಾಯಿ ಯೆಹೂದಿ ಧರ್ಮ, ಮಗಳು ಕ್ರೈಸ್ತ ಧರ್ಮ’ ಎಂದಿದ್ದೀಯ. ಅಕ್ಕತಂಗಿಯರು ಅನ್ನು, ಹೆಚ್ಚು ಸರಿ. ಕ್ರಿ.ಶ. 70ರಲ್ಲಿ ರೋಮನ್ನರು ಅಲ್ಲೇ ಮತ್ತೆ ಕಟ್ಟಿದ್ದ ಎರಡನೇ ದೇವಾಲಯವನ್ನೂ ಕೆಡವಿದರು. ಬಲಿ ಪೂಜೆ ನಿಂತುಹೋಯಿತು. ಇಂದು ನಾವು ನೋಡುವ, ರಬ್ಬಿಗಳು, ಅಂದರೆ ಧರ್ಮಗುರುಗಳು, ಕಟ್ಟಿದ ಯೆಹೂದಿ ಧರ್ಮ ಗಟ್ಟಿಯಾಗಿದ್ದು ಆಮೇಲೆ. ಕ್ರೈಸ್ತರು ಬೇರೆಯಾಗುತ್ತಾ ಹೋದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ಆ ಬೇರೆಯಾಗುವಿಕೆ ಹೇಗಿತ್ತು ಅಂತ ನೋಡಬೇಕಾದರೆ, ಯೇಸುವಿನ ಸಂದೇಶ ಸಾರುತ್ತಾ ತಿರುಗಿದ ಪೌಲ ಗಲಾತ್ಯದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ ಎರಡನೇ ಅಧ್ಯಾಯ ತೆಗೆ. ಈಗ ಸಿಗುವ ಕ್ರೈಸ್ತ ಬರಹಗಳಲ್ಲಿ ಪೌಲನ ಪತ್ರಗಳೇ ತೀರಾ ಹಳೆಯವು, ಸುಮಾರು ಕ್ರಿ.ಶ. 50ರ ದಶಕದವು. ಯೇಸು, ಪೇತ್ರ, ಪೌಲ ಎಲ್ಲರೂ ಯೆಹೂದಿಗಳೇ, ಮರೆಯಬೇಡ. ಅಂತಿಯೋಕ್ಯ ಎಂಬ ಊರಿನಲ್ಲಿ ಯೇಸುವಿನ ಪ್ರಮುಖ ಶಿಷ್ಯ ಪೇತ್ರ ಯೆಹೂದಿಯಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಜೆರುಸಲೇಮಿನಲ್ಲಿ ಯೇಸುವಿನ ಅನುಯಾಯಿಗಳ ಮುಖಂಡನಾಗಿದ್ದ ಯಾಕೋಬನ ಕಡೆಯವರು ಬಂದ ಮೇಲೆ ಹೆದರಿ ಹಿಂದೆ ಸರಿದ. ಪೌಲ ಅವನನ್ನು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡ. ಯೆಹೂದಿ ಪದ್ಧತಿಯಂತೆ ಸುನ್ನತಿ ಆಗದವನು ನಮ್ಮವನೇ, ಅವನ ಪಂಕ್ತಿಯಲ್ಲಿ ಕೂರಬಹುದೇ ಅನ್ನುವುದೇ ಜಗಳ. ಇದು ಒಂದು ಮನೆಯೊಳಗಿನ ಜಗಳ, ಇನ್ನೂ ಎರಡು ಧರ್ಮಗಳ ಜಗಳ ಅಲ್ಲ.

ಇನ್ನೊಂದು ಮಾತು. ‘ನಂತರ ಬಂದವರು ಕದ್ದರು’ ಎಂಬ ಧಾಟಿ ನಿನ್ನ ಬರವಣಿಗೆಯಲ್ಲಿ ಎರಡು ಕಡೆ ನುಸುಳಿದೆ. ಓದಿ ಬೇಜಾರಾಯಿತು, ಅಳಿಸು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 22ನೇ ಅಧ್ಯಾಯದಲ್ಲಿ ಅಬ್ರಹಾಮ ಬಲಿಗೆ ಕರೆದೊಯ್ಯುವುದು ಮಗ ಇಸಾಕನನ್ನು. ಕುರಾನಿನ 37ನೇ ಅಧ್ಯಾಯದಲ್ಲಿ ಬಲಿಯ ಪ್ರಸಂಗದಲ್ಲಿ ಮಗನ ಹೆಸರೇ ಇಲ್ಲ. ಅದು ಅವನ ಇನ್ನೊಬ್ಬ ಮಗ ಇಸ್ಮಾಯಿಲ್ ಎಂದು ಹೆಚ್ಚಿನ ಮುಸ್ಲಿಮರು ನಂಬುತ್ತಾರೆ. ನಮ್ಮೂರಿನ ಬಕ್ರೀದಿಗೂ ಇದೇ ಕತೆ ಆಧಾರ. ಕುರಾನಿನಲ್ಲಿ ಅಪ್ಪ ಮಗನನ್ನು ಕೇಳುತ್ತಾನೆ, ‘ನಿನ್ನ ಅಭಿಪ್ರಾಯವೇನು’ ಅಂತ. ಮಗ ಒಪ್ಪುತ್ತಾನೆ. ಆದಿಕಾಂಡದ ಹುಡುಗನಿಗೆ ಏನೂ ಗೊತ್ತಿಲ್ಲ. ಕುರಿ ಎಲ್ಲಿ ಅಂತ ಅವನೇ ಕೇಳುತ್ತಾನೆ. ಇದನ್ನು ಬರೀ ನಕಲು ಅನ್ನಲು ಆಗುತ್ತಾ?

ಎರಡೂ ಗ್ರಂಥ ಕನ್ನಡದಲ್ಲಿ ಸಿಗುತ್ತವೆ. ಎರಡೂ ಭಾಗಗಳನ್ನು ಪಕ್ಕಪಕ್ಕ ಇಟ್ಟು ಓದಿ, ಆಮೇಲೆ ಎರಡನೇ ಕರಡು ಕಳಿಸು.

ನಿನ್ನ ದೊಡ್ಡಪ್ಪ