ಸಿಗಡಿ ಪ್ಯಾಕೆಟ್‌ಗೆ 70 ರೂಪಾಯಿ ಜಾಸ್ತಿ ಯಾಕೆ: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ಕುಂದಾಪುರದಿಂದ ನಮಸ್ಕಾರ.

ಈ ತಿಂಗಳ ಪಾರ್ಸೆಲ್ ಬಿಚ್ಚಿದಾಗಲೇ ನಿಮಗೆ ಗೊತ್ತಾಗಿರುತ್ತದೆ. ಅರ್ಧ ಕಿಲೋ ಕ್ಲೀನ್ ಮಾಡಿದ ಸಿಗಡಿಗೆ 420 ಇದ್ದದ್ದು 490 ಆಗಿದೆ. ಲೇಬಲ್ ಮೇಲೆ ಲಾಟ್ ನಂಬರ್, ಕೆರೆ ಇರುವ ಊರು, ಹಿಡಿದ ದಿನ ಅಂತ ಮೂರು ಸಾಲು ಹೊಸದಾಗಿ ಬಂದಿವೆ. ದರ ಏರಿಸುವ ಮೊದಲೇ ಈ ಪತ್ರ ಬರೆಯಬೇಕಿತ್ತು. ಬರೆಯಲಿಲ್ಲ. ತಪ್ಪು ನಮ್ಮದೇ, ಕ್ಷಮಿಸಿ. ಆದರೆ "ಒಂದು ಸ್ಟಿಕ್ಕರ್ ಹಚ್ಚಿ ದುಡ್ಡು ಮಾಡ್ತಿದ್ದಾರೆ" ಅನ್ನುವ ಮಾತು ಕೇಳಿದಾಗ ತುಂಬಾ ಬೇಜಾರಾಯಿತು, ಯಾಕಂದ್ರೆ ಹೇಳಿದವರು ನಮಗೆ ಹೊಸಬರಲ್ಲ.

ಬದಲಾಗಿದ್ದು ಇಷ್ಟು. ಕೆರೆಯಲ್ಲಿ ಸಾಕಿದ ಸಿಗಡಿಯನ್ನು ಇನ್ನು ಬಿಎಪಿ (ಬೆಸ್ಟ್ ಅಕ್ವಾಕಲ್ಚರ್ ಪ್ರಾಕ್ಟಿಸಸ್, ಅಂದರೆ ಸಾಕಣೆ ಸರಿಯಾಗಿ ನಡೆಯುತ್ತಿದೆ ಅಂತ ತಪಾಸಣೆ ಮಾಡಿ ಕೊಡುವ) ಸರ್ಟಿಫಿಕೇಟ್ ಇರುವ ಕೆರೆಗಳಿಂದ ಮಾತ್ರ ತರುತ್ತೇವೆ. ಪ್ರತಿ ಲಾಟ್‌ನಿಂದ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸುತ್ತೇವೆ, ರಿಪೋರ್ಟ್ ಬರುವ ತನಕ ಆ ಲಾಟ್ ನಮ್ಮ ಫ್ರೀಜರ್‌ನಿಂದ ಹೊರಗೆ ಹೋಗುವುದಿಲ್ಲ. ಬಿಎಪಿ ಮುದ್ರೆ ಮಾತ್ರ ನಮ್ಮ ಪ್ಯಾಕೆಟ್ ಮೇಲೆ ಕಾಣುವುದಿಲ್ಲ. ಅದನ್ನು ಹಾಕಬೇಕಾದರೆ ಕೆರೆ ಪಾಸಾದರೆ ಸಾಲದು, ನಾವು ಪ್ಯಾಕ್ ಮಾಡುವ ಜಾಗವೂ ಪಾಸಾಗಬೇಕು. ಅದಕ್ಕೆ ಕೈಹಾಕುವಷ್ಟು ದುಡ್ಡು ಸದ್ಯ ನಮ್ಮ ಹತ್ತಿರ ಇಲ್ಲ. ಇಲ್ಲದ ಮುದ್ರೆ ಹಾಕುವುದೂ ಇಲ್ಲ.

ಈಗ ಆ 70 ರೂಪಾಯಿ ಲೆಕ್ಕ. ಸರ್ಟಿಫಿಕೇಟ್ ಇರುವ ಕೆರೆಯವರು ಕೇಳುವ ಹೆಚ್ಚಿನ ದರ ಪ್ಯಾಕೆಟ್‌ಗೆ 18 ರೂಪಾಯಿ ಬೀಳುತ್ತದೆ. ಲ್ಯಾಬ್ ಫೀಸು, ಐಸ್ ಬಾಕ್ಸ್‌ನಲ್ಲಿ ಸ್ಯಾಂಪಲ್ ಕಳಿಸುವ ಖರ್ಚು ಸೇರಿ 12. ಉಳಿದ 40 ಎಲ್ಲಿಗೆ ಹೋಯಿತು ಅಂತ ಹೇಳುವಾಗ ನಾವು ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಫ್ರೀಜ್ ಮಾಡಿದ ಸಿಗಡಿ ಒಣಗಬಾರದು ಅಂತ ಮೇಲೆ ತೆಳ್ಳಗೆ ಐಸ್ ಪದರ ಕೊಡುತ್ತಾರೆ, ಗ್ಲೇಜಿಂಗ್ ಅನ್ನುತ್ತಾರೆ. ಇಷ್ಟು ದಿನ ನಮ್ಮ 500 ಗ್ರಾಂ ಅಂದರೆ ಆ ಐಸನ್ನೂ ಸೇರಿಸಿ 500. ನಿಮ್ಮ ಅಡುಗೆಮನೆಯಲ್ಲಿ ಕರಗಿದ ಮೇಲೆ 440 ಉಳಿಯುತ್ತಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ ಅಂತ ನಾವೂ ಮಾಡಿದೆವು, ಮಾಡಬಾರದಿತ್ತು. ಈಗ ಐಸ್ ಬಿಟ್ಟು 500 ಗ್ರಾಂ ಸಿಗಡಿ ಇರುತ್ತದೆ. ಆ 60 ಗ್ರಾಂ ಸಿಗಡಿಯ ಬೆಲೆಯೇ 40 ರೂಪಾಯಿ. ಜರಡಿಗೆ ಹಾಕಿ ಕರಗಿಸಿ, ನೀರು ಇಳಿದ ಮೇಲೆ ತೂಗಿ ನೋಡಿ. ಕಮ್ಮಿ ಬಂದರೆ ಫೋಟೋ ಕಳಿಸಿ, ದುಡ್ಡು ವಾಪಸ್. ನಮ್ಮ ಲಾಭ ಒಂದು ಪೈಸೆ ಏರಿಲ್ಲ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಜನರೇಟರ್‌ಗೆ ಸುರಿದ ಡೀಸೆಲ್‌ನ ಖರ್ಚನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಫೋನಲ್ಲಿ, ವಾಟ್ಸಾಪಲ್ಲಿ, ಅಂಗಡಿ ಬಾಗಿಲಲ್ಲಿ ನಿಂತು ಕೇಳುವುದೂ ಇದನ್ನೇ: "ಸಿಗಡಿ ಮುಟ್ಟಿ ನೋಡಿದ್ರೆ ಒಳ್ಳೇದೋ ಕೆಟ್ಟದ್ದೋ ಗೊತ್ತಾಗಲ್ವಾ? ನಮ್ಮ ಅಜ್ಜಿ ಯಾವ ಸರ್ಟಿಫಿಕೇಟ್ ನೋಡಿ ತರ್ತಿದ್ರು?"

ಗೊತ್ತಾಗುತ್ತದೆ, ಖಂಡಿತ. ತಲೆ ಸಡಿಲವಾಗಿದ್ದರೆ ಹಳೇದು, ಕಪ್ಪು ಚುಕ್ಕೆ ಬಿದ್ದಿದ್ದರೆ ಹಳೇದು, ಬೆರಳಿಗೆ ಲೋಳೆ ಅಂಟಿದರೆ ಹಳೇದು. ಈ ವಿದ್ಯೆ ನಮಗೂ ಮನೆಯಲ್ಲೇ ಬಂದದ್ದು. ಆದರೆ ಅದು ಹೇಳುವುದು ತಾಜಾತನ ಒಂದನ್ನೇ. ಕಳೆದ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಆರ್ಡರ್‌ಗೆ ಅಂತ 160 ಕಿಲೋ ಸಿಗಡಿ ತಂದೆವು. ಬೆಳಗಿನ ಜಾವ ಹಿಡಿದದ್ದು, ಗಾಜಿನ ಹಾಗೆ ಹೊಳೆಯುತ್ತಿತ್ತು, 30 ಕೌಂಟ್ (ಅಂದರೆ ಕಿಲೋಗೆ 30 ಸಿಗಡಿ), ತಲೆ ಗಟ್ಟಿ. ಅಜ್ಜಿ ಇದ್ದಿದ್ದರೂ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಯಾಕೋ ಒಂದು ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿದೆವು, ನೈಟ್ರೋಫ್ಯುರಾನ್ ಇದೆ ಅಂತ ರಿಪೋರ್ಟ್ ಬಂತು. ಅದು ಸಿಗಡಿಗೆ ಕೊಡಲೇಬಾರದು ಅಂತ ನಿಷೇಧ ಆಗಿರುವ ಆಂಟಿಬಯೋಟಿಕ್. ಕೆರೆಯಲ್ಲಿ ರೋಗ ಬಂತು ಅಂದಾಗ ಯಾರದೋ ಮಾತು ಕೇಳಿ ಹಾಕಿರುತ್ತಾರೆ. ಇಂಥದ್ದನ್ನು ಲ್ಯಾಬ್‌ನಲ್ಲಿ ನೂರು ಕೋಟಿಯಲ್ಲಿ ಒಂದು ಪಾಲು ಅನ್ನುವ ಅಳತೆಯಲ್ಲಿ ಹುಡುಕುತ್ತಾರೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಸಾಲೆ ಹಾಕಿ ಬೇಯಿಸಿದರೂ ಹೋಗುವುದಿಲ್ಲ. ಅಷ್ಟೂ ಸಿಗಡಿ ವಾಪಸ್ ಕಳಿಸಿದೆವು, ಆರ್ಡರ್ ಕೊಟ್ಟವರಿಗೆಲ್ಲ ಫೋನ್ ಮಾಡಿ ಇಲ್ಲ ಅಂದೆವು, ಬೈಸಿಕೊಂಡೆವು. ಅದಕ್ಕಿಂತ ಮೊದಲು ಪರೀಕ್ಷೆ ಮಾಡದೆ ಕಳಿಸಿದ್ದೆಲ್ಲ ಹೇಗಿತ್ತೋ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಜ್ಜಿ ಕಾಲದ ಸಿಗಡಿ ಹೊಳೆಯದ್ದು, ಕಡಲಿನದ್ದು. ಈಗ ನಾವು ತಿನ್ನುವ ವನಾಮಿ ಜಾತಿಯ ಸಿಗಡಿಯನ್ನು ಸಾಕಲು ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದೇ 2009ರಲ್ಲಿ. ಮರಿ ಹ್ಯಾಚರಿಯಿಂದ, ಆಹಾರ ಫ್ಯಾಕ್ಟರಿಯಿಂದ, ಬೆಳೆಯುವುದು ಕೆರೆಯಲ್ಲಿ, ಸುಲಿಯುವುದು ಇನ್ನೊಂದು ಕಡೆ. ಬಿಎಪಿಯಲ್ಲಿ ನಾಲ್ಕು ನಕ್ಷತ್ರ ಅಂದರೆ ಈ ನಾಲ್ಕೂ ಜಾಗ ಪಾಸಾಗಿವೆ ಅಂತ ಅರ್ಥ. ನಮ್ಮ ಕೇಂದ್ರ ಸರ್ಕಾರದ ಕಡಲ ಉತ್ಪನ್ನಗಳ ರಫ್ತು ಸಂಸ್ಥೆ ಎಂಪೆಡಾ ಕೂಡ 2021ರಲ್ಲಿ ಹ್ಯಾಚರಿಯಿಂದಲೇ ಶುರುವಾಗುವ ಶಫರಿ ಸರ್ಟಿಫಿಕೇಟ್ ತಂದಿತು. ಇಷ್ಟು ಉದ್ದದ ದಾರಿಯನ್ನು ಅಂಗಡಿಯಲ್ಲಿ ನಿಂತು ಬೆರಳಲ್ಲಿ ಮುಟ್ಟಿ ತಿಳಿಯಲು ಆಗುವುದಿಲ್ಲ.

"ಇದರಿಂದ ಮೀನುಗಾರರಿಗೆ ಏನು ಸಿಕ್ಕಿತು?" ಅಂತ ಕೇಳಿದವರೂ ಇದ್ದಾರೆ. ಕೇರಳದ ಕೊಲ್ಲಂ ಹತ್ತಿರ ಅಷ್ಟಮುಡಿ ಕಾಯಲ್ ಅನ್ನುವ ಹಿನ್ನೀರು ಇದೆ. ಅಲ್ಲಿ ನಮ್ಮ ಕರಾವಳಿಯ ಮರುವಾಯಿಯಂಥದ್ದೇ ಚಿಪ್ಪುಮೀನು ತೆಗೆದು ಸಾವಿರಾರು ಜನ ಬದುಕುತ್ತಾರೆ. ಎಕ್ಸ್‌ಪೋರ್ಟ್ ಶುರುವಾದ ಮೇಲೆ ಸಣ್ಣದು ದೊಡ್ಡದು ಅಂತ ನೋಡದೆ ಬಾಚಿದರು, 90ರ ದಶಕದಲ್ಲಿ ಸಿಗುವುದೇ ಕಮ್ಮಿ ಆಯಿತು. ಆಮೇಲೆ ಮರಿ ಆಗುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೆಗೆಯುವ ಹಾಗಿಲ್ಲ, ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಸಣ್ಣದಿರಬಾರದು ಅಂತ ನಿಯಮ ಮಾಡಿಕೊಂಡರು. 2014ರಲ್ಲಿ ಅದಕ್ಕೆ ಎಂಎಸ್‌ಸಿ (ಸಂತತಿ ಉಳಿಯುವ ಹಾಗೆ ಹಿಡಿಯುತ್ತಾರೆ ಅಂತ ನೋಡಿ ಕೊಡುವ) ಸರ್ಟಿಫಿಕೇಟ್ ಬಂತು, ಭಾರತದಲ್ಲಿ ಅದೇ ಮೊದಲು. ನಿಯಮ ಮೊದಲು, ಕಾಗದ ಆಮೇಲೆ. ಕಾಗದ ಸಿಕ್ಕಿತು ಅಂತ ಕೈಕಟ್ಟಿ ಕೂರುವ ಹಾಗೂ ಇಲ್ಲ. ಐದು ವರ್ಷಕ್ಕೆ ಹೊಸದಾಗಿ ಪರೀಕ್ಷೆ, ನಡುವೆ ಪ್ರತಿ ವರ್ಷ ತಪಾಸಣೆ.

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ನಮ್ಮ ಬಂದರುಗಳು ನೋಡಿವೆ. ನಮ್ಮ ದೇಶದ ಕಡಲ ಸಿಗಡಿ ಖರೀದಿಯನ್ನು ಅಮೆರಿಕ 2019ರಲ್ಲಿ ನಿಲ್ಲಿಸಿತು. ಸಿಗಡಿ ಕೆಟ್ಟಿತ್ತು ಅಂತ ಅಲ್ಲ. ಟ್ರಾಲ್ ಬಲೆಗೆ ಸಿಕ್ಕಿದ ಕಡಲಾಮೆ ಹೊರಗೆ ಹೋಗಲು ಟೆಡ್ ಅನ್ನುವ ಕಂಬಿ ಚೌಕಟ್ಟು ಬೇಕು, ಅದು ನಮ್ಮ ಬೋಟುಗಳಲ್ಲಿ ಇರಲಿಲ್ಲ. ಅಂಥ ಆಮೆಗಳೇ ಇಲ್ಲಿ ಕೋಡಿ ತೀರಕ್ಕೆ ಮೊಟ್ಟೆ ಇಡಲು ಬರುತ್ತವೆ. ಅವುಗಳ ಮರಿ ಕಡಲಿಗೆ ಇಳಿಯುವುದನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವವರು ನಾವೇ.

ಕಡಲ ಸಿಗಡಿ ಬೇಕು ಅನ್ನುವವರಿಗೆ ಅದನ್ನೂ ಕೊಡುತ್ತೇವೆ, ಜೂನ್-ಜುಲೈ ಮೀನುಗಾರಿಕೆ ನಿಷೇಧದ 61 ದಿನ ಬಿಟ್ಟು. ಅದಕ್ಕೆ ಸರ್ಟಿಫಿಕೇಟ್ ಇಲ್ಲ ಅಂತ ಲೇಬಲ್ ಮೇಲೆಯೇ ಬರೆದಿರುತ್ತದೆ, ಯಾವ ಬಂದರು, ಯಾವ ದಿನ ಅನ್ನುವುದೂ ಇರುತ್ತದೆ.

490 ಭಾರ ಆಗುತ್ತದೆ ಅನ್ನುವವರಿಗೆ 250 ಗ್ರಾಂ ಪ್ಯಾಕೆಟ್ ಮಾಡಿದ್ದೇವೆ, 245 ರೂಪಾಯಿ. ನಿಮ್ಮ ಲಾಟ್ ನಂಬರ್ ವಾಟ್ಸಾಪ್ ಮಾಡಿದರೆ ಅದರ ಲ್ಯಾಬ್ ರಿಪೋರ್ಟ್ ಅವತ್ತೇ ಕಳಿಸುತ್ತೇವೆ. ಬೈಯುವುದಿದ್ದರೂ ಅದೇ ನಂಬರ್‌ಗೆ ಫೋನ್ ಮಾಡಿ, ಎತ್ತುವವರು ನಾವೇ. ಬೆಂಗಳೂರು ಪಾರ್ಸೆಲ್ ಎಂದಿನಂತೆ ಬುಧವಾರ ರಾತ್ರಿ ಹೊರಡುತ್ತದೆ, ಮಂಗಳವಾರ ಸಂಜೆ ಒಳಗೆ ಆರ್ಡರ್ ಹೇಳಿ.

ಇಂತಿ,
ಅಂಗಡಿಯ ಎಲ್ಲರ ಪರವಾಗಿ
ಕುಂದಾಪುರ